ಗ್ರೈಂಡರ್ ಕೆಳಗಿಂದ ಒಂದು ಸಂದರ್ಶನ

ಹೆಗ್ಗನಹಳ್ಳಿ ಕ್ರಾಸ್‌ನಿಂದ ಒಳಗೆ, ಕೆಳಗೆ ವರ್ಕ್‌ಶಾಪು, ಮೇಲೆ ಬಾಡಿಗೆ ಮನೆ. ಅಡುಗೆಮನೆಯಲ್ಲಿ ಗ್ರೈಂಡರ್ ಜಾರದಿರಲೆಂದು ಅದರ ಕೆಳಗೊಂದು ಕಂದು ಹಾಳೆ ತುರುಕಿದ್ದಾರೆ. ಮೈತುಂಬ ಗೀರು, ಮೂಲೆಯಿಂದ ಮೂಲೆಗೆ ದೊಡ್ಡದೊಂದು ಕಾಟು. ಅದೇ ಲಿನೋ. ಬಿಡುವಿದೆಯಾ ಅಂದೆ. ಗ್ರೈಂಡರ್ ಹಾಕೋವರೆಗೂ ಬಿಡುವೇ ಅಂದಿತು.

ನಿಮ್ಮ ಕುಲಗೋತ್ರ?

— ಹುಟ್ಟಿದ್ದು ನೆಲಕ್ಕೆ ಹಾಸೋಕೆ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅನ್ನೋರು ಪೇಂಟ್ ಡಬ್ಬಿ ಮೇಲೆ ಕೆನೆಗಟ್ಟಿದ ಅಗಸೆ ಎಣ್ಣೆ ನೋಡಿ ನನ್ನನ್ನ ಮಾಡಿದರು. ಆ ಎಣ್ಣೆಗೆ ಕಾರ್ಕ್ ಪುಡಿ, ಮರದ ಅಂಟು ಬೆರೆಸಿ ಸೆಣಬಿನ ಬಟ್ಟೆ ಮೇಲೆ ಒತ್ತೋದು. ಅಗಸೆ ಅಂದರೆ ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡ್ತಾರಲ್ಲ, ಅದೇ. ಇಲ್ಲಿ ಅಂಗಡೀಲಿ ಲಿನೋ ಕೇಳಿ, ಹೂವಿನ ಡಿಸೈನಿನ ಪಿವಿಸಿ ಮ್ಯಾಟ್ ಬಿಚ್ಚಿ ತೋರಿಸ್ತಾರೆ. ಅವರು ನಮ್ಮ ಕಡೆಯವರಲ್ಲ.

ಕಲೆಗೆ ಹೇಗೆ ಬಂದಿರಿ?

— ಅಚ್ಚಿಗೆ ಕೆತ್ತೋ ಮರಕ್ಕೆ ಎಳೆ ಇರುತ್ತೆ, ನನಗಿಲ್ಲ. ಉಳಿ ಯಾವ ಕಡೆಗಾದರೂ ಓಡುತ್ತೆ. ಕೋಲು ಹಿಡಿದು ದಂಡಿಗೆ ಹೊರಟ ಗಾಂಧಿ ಚಿತ್ರ ನೋಡಿದೀರಲ್ಲ, 1930ರಲ್ಲಿ ನಂದಲಾಲ್ ಬೋಸ್ ಮಾಡಿದ್ದು? ಕಪ್ಪು ನೆಲ, ಬಿಳಿ ಗೆರೆ. ಅದು ನಮ್ಮ ಮನೆತನದ್ದೇ.

ಈ ಮನೆಗೆ?

— ಈ ಮನೆ ಹುಡುಗಿ ಚಿತ್ರಕಲೆ ಓದ್ತಾಳೆ, ಕೆತ್ತೋಕೆ ನಮ್ಮ ತುಂಡುಗಳನ್ನ ತಂದಳು. ಚಳಿಗೆ ಬಿರುಸಾಗಿದ್ದೀವಿ ಅಂತ ತಾರಸಿ ಮೇಲೆ ಹಪ್ಪಳದ ಪಕ್ಕ ಬಿಸಿಲಿಗಿಟ್ಟಳು. ಸಂಜೆ ಅವರಮ್ಮ ನಮ್ಮನ್ನೂ ಡಬ್ಬಕ್ಕೆ ತುಂಬೋಕೆ ನೋಡಿದರು. ಮೊದಲನೇ ತುಂಡಿನ ಮೇಲೆ ಊರ ಹೆಸರು ಕೆತ್ತಿದಳು, ಉಲ್ಟಾ ಕೆತ್ತಬೇಕು ಅನ್ನೋದೇ ಮರೆತಳು. ಕಾಗದ ಎತ್ತಿದರೆ ಹೆಗ್ಗನಹಳ್ಳಿ ಕನ್ನಡಿಯೊಳಗೆ ಕೂತಿದೆ. ನಿಮ್ಮ ಲಿಪಿಯಲ್ಲಿ ಹೇಗೆ ತಿರುಗಿಸಿದರೂ ಕೆಡದೆ ಇರೋದು ಸೊನ್ನೆ ಒಂದೇ ನೋಡಿ. ಎರಡನೇ ತುಂಡಿನಲ್ಲಿ ಒತ್ತಕ್ಷರಗಳು ಕಿತ್ತುಬಂದು ಊರು ‘ಹೆಗನಹಳಿ’ ಆಯಿತು. ನಾನು ಮೂರನೇ ತುಂಡು. ನನ್ನ ಮೇಲೆ ಅವಳು ಕೆತ್ತಿದ್ದು ಅಪ್ಪನನ್ನ.

ಅಪ್ಪ ಏನು ಮಾಡ್ತಾರೆ?

— ಈ ಕೆಳಗಿನ ಶಾಪಿನಲ್ಲೇ ಪವರ್ ಪ್ರೆಸ್ ಆಪರೇಟರ್. ಪೀಣ್ಯದ ಫ್ಯಾಕ್ಟರಿಗಳಿಗೆ ವಾಷರ್ ಹೊಡೀತಾರೆ, ಜಾಬ್ ವರ್ಕ್. ಪ್ರೆಸ್ ಮುಂದೆ ಕೂತ ಭಂಗಿ. ನನ್ನ ಮೈಮೇಲೆ ಅವರು ಎಡಚರು, ಕಾಗದಕ್ಕೆ ಬಂದಾಗ ಸರಿಯಾದರು. ರೋಲರಿನಲ್ಲಿ ಶಾಯಿ ಹಚ್ಚಿ, ಕಾಗದ ಹಾಸಿ, ಸೌಟಿನ ಬೆನ್ನಲ್ಲಿ ಉಜ್ಜಿ ಉಜ್ಜಿ ಅರ್ಧ ದಿನಕ್ಕೆ ಹತ್ತು ಪ್ರತಿ ತೆಗೆದಳು. ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು, ‘ಮೂರನೇದೂ ನಾಲ್ಕನೇದೂ ಒಂದೇ ಥರ ಇಲ್ವಲ್ಲಮ್ಮ, ನಮ್ಮಲ್ಲಾದರೆ ಲಾಟೇ ರಿಜೆಕ್ಟು’ ಅಂದರು. ಅದಕ್ಕೇ ಬೆಲೆ ಅಂದಳು ಇವಳು. ‘ಸರಿ, ಇನ್ನೊಂದು ಸಾವಿರ ಹೊಡಿ’ ಅಂದರು. ಹತ್ತೇ ಕಣಪ್ಪ ಅಂತ ಪೆನ್ಸಿಲಿನಲ್ಲಿ 1/10, 2/10 ಬರೆದಳು. ಆಮೇಲೆ ಉಳಿ ತಗೊಂಡು ನನ್ನ ಮೇಲೆ ಈ ಕಾಟು ಎಳೆದಳು, ಹನ್ನೊಂದನೇದು ಯಾರೂ ತೆಗೀಬಾರದು ಅಂತ. ಕಲಾಲೋಕದಲ್ಲಿ ಅದೇ ಮರ್ಯಾದೆಯಂತೆ. ಚೆನ್ನಾಗಿರೋ ಡೈನ ಕೈಯಾರೆ ಕೆಡಿಸಿದ್ದು, ಅದೂ ತನ್ನ ಎದೆ ಮೇಲೇ ಗೀರಿದ್ದು ಕಂಡು ಆ ಮನುಷ್ಯ ಅವತ್ತು ರಾತ್ರಿ ಊಟಕ್ಕೆ ಏಳಲಿಲ್ಲ.

ಪ್ರತಿಗಳು ಹೋದವಾ?

— ಜನವರೀಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಒಯ್ದಳು. ಒಬ್ಬರು ‘ಪ್ರಿಂಟಾ? ಹಾಗಾದರೆ ಜೆರಾಕ್ಸ್ ರೇಟ್ ಹೇಳಮ್ಮ’ ಅಂದರಂತೆ. ಮೂರು ಹೋದವು. ನಾಲ್ಕನೇದು ಮಾತ್ರ ಸಂತೆಗೆ ಹೋಗಲೇ ಇಲ್ಲ. ಕೆಳಗೆ ಶಾಪಿನ ಗೋಡೆ ಮೇಲಿದೆ, ಆಯುಧಪೂಜೆಯ ಕುಂಕುಮ ಇನ್ನೂ ಅಳಿಸಿಲ್ಲ.

ರಿಜೆಕ್ಟ್ ಅಂದಿದ್ದು?

— ಅದೇ. ಹೊಡೆದ ಮೊಳೆ ಯಾರದು ಅಂತ ನಾನು ಹೇಳಲ್ಲ.

ಕಲೆಯಾಗಿದ್ದವರು ಮತ್ತೆ ನೆಲಕ್ಕೆ ಬಂದಿರಿ. ಬೇಜಾರಿಲ್ಲವಾ?

— ಏಳಿ ಏಳಿ, ಅಮ್ಮ ನೆನೆಹಾಕಿದ ಉದ್ದಿನಬೇಳೆ ತಂದರು. ಅಂಗಿಗೆ ಹಿಟ್ಟು ಸಿಡಿಯುತ್ತೆ.