ಏನೂ ಹಾಕ್ಲಿಲ್ವಲ್ಲ ಸ್ವಾಮಿ!

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸಾಮಾನಿಗೆ ಬೆಲೆ ಇದೆ, ಕೆಲಸಕ್ಕೆ ಇಲ್ಲ. ಮೌಸ್ ಕೊಟ್ಟರೆ ಮೌಸಿನ ದುಡ್ಡು, ಕೀಬೋರ್ಡ್ ಕೊಟ್ಟರೆ ಕೀಬೋರ್ಡಿನ ದುಡ್ಡು, ಯಾರೂ ತಕರಾರು ಎತ್ತುವುದಿಲ್ಲ. ಆದರೆ ಉಸಿರೇ ಬಿಡದೆ ಕೂತಿದ್ದ ಸಿಪಿಯುವನ್ನು ಎಬ್ಬಿಸಿ ಕೂರಿಸಿ, ಕೈ ಒರೆಸಿಕೊಳ್ಳುತ್ತ ‘300 ರೂಪಾಯಿ ಆಯ್ತು’ ಅಂದು ನೋಡಿ. ‘ಅಲ್ಲಾ, ಏನೂ ಹಾಕ್ಲಿಲ್ವಲ್ಲ ಸ್ವಾಮಿ!’ ತಿಪಟೂರಲ್ಲಿ ಅಂಗಡಿ ಇಟ್ಟಾಗಿನಿಂದ ಈ ಮಾತು ಕೇಳದ ವಾರವೇ ಇಲ್ಲ. ಅವರದೂ ತಪ್ಪಿಲ್ಲ ಬಿಡಿ. ಡಾಕ್ಟರು ನಾಡಿ ಹಿಡಿದು ನೋಡಿ, ‘ಏನೂ ಇಲ್ಲ, ಚೆನ್ನಾಗಿ ನಿದ್ದೆ ಮಾಡಿ’ ಅಂತ ಕಳಿಸಿದರೆ ನಾವು ಫೀಸು ಕೊಡುವಾಗ ಮುಖ ಸಣ್ಣ ಮಾಡೋಲ್ವಾ? ಒಂದು ಸೂಜಿಯಾದರೂ ಚುಚ್ಚಬೇಕು. ಆಗಲೇ ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸೋದು.

ಈಗ ಈ ರ್‍ಯಾಮ್ ವಿಷಯವನ್ನೇ ತಗೊಳ್ಳಿ. ಸಿಪಿಯು ಆನ್ ಮಾಡಿದರೆ ಸ್ಕ್ರೀನ್ ಬರಲ್ಲ, ಒಳಗಿಂದ ಕುಂಯ್ ಕುಂಯ್ ಅಂತ ಸದ್ದು. ಎಷ್ಟೋ ಸಲ ದೊಡ್ಡ ರೋಗವೇನೂ ಇರಲ್ಲ, ರ್‍ಯಾಮಿನ ಹಲ್ಲುಗಳ ಮೇಲೆ ಕಿಲುಬು ಕೂತಿರುತ್ತೆ. ಬಿಚ್ಚಿ, ಮಕ್ಕಳು ಪೆನ್ಸಿಲ್ ಅಳಿಸೋ ರಬ್ಬರಿನಿಂದ ಉಜ್ಜಿ, ವಾಪಸ್ ಕೂರಿಸಿದರೆ ಮುಗೀತು. ನಮ್ಮ ಕಸುಬಿನವರ ಡ್ರಾಯರ್ ತೆಗೆದು ನೋಡಿ, ಸ್ಕ್ರೂಡ್ರೈವರ್ ಪಕ್ಕದಲ್ಲಿ ಒಂದು ರಬ್ಬರ್ ಇದ್ದೇ ಇರುತ್ತೆ. ಆದರೆ ಗಿರಾಕಿ ಎದುರಿಗೆ ಆ ರಬ್ಬರನ್ನು ಹೊರಗೆ ತೆಗೆದರೆ ಕೆಟ್ಟೆವು. 5 ರೂಪಾಯಿ ರಬ್ಬರಿಗೆ 300 ರೂಪಾಯಿಯಾ ಅಂತ ಅಲ್ಲೇ ಪಂಚಾಯ್ತಿ ಶುರು. ಅದಕ್ಕೇ ‘ಇಟ್ಟು ಹೋಗಿ, ನಾಳೆ ನೋಡ್ತೀನಿ’ ಅನ್ನೋದು. ಎರಡು ನಿಮಿಷದಲ್ಲಿ ಆದ ಕೆಲಸಕ್ಕೆ ಮುಖ ಗಂಟಿಕ್ಕುವವರು, ಒಂದು ರಾತ್ರಿ ಅಂಗಡಿಯಲ್ಲಿ ಮಲಗಿ ಎದ್ದು ಬಂದ ಸಿಪಿಯುಗೆ ನಗುನಗುತ್ತಾ ಕೊಡ್ತಾರೆ. ‘ಪಾಪ, ಭಾಳ ಕಷ್ಟಪಟ್ಟಿದ್ದೀರಿ’ ಅಂತ ಬೇರೆ!

ಇದಕ್ಕೆ ಉಲ್ಟಾ ಇನ್ನೊಂದಿದೆ. ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟು ಅಗಲದ ಬ್ಯಾಟರಿ ಕೂತಿರುತ್ತಲ್ಲ, ಸಿಆರ್ 2032 ಅಂತ, 3 ವೋಲ್ಟಿಂದು. ಕಂಪ್ಯೂಟರ್ ಆಫ್ ಆಗಿದ್ದಾಗಲೂ ತಾರೀಖು, ಗಂಟೆ ನೆನಪಿಟ್ಟುಕೊಳ್ಳೋ ಕೆಲಸ ಅದರದ್ದು. ಅದು ಸತ್ತಿತು ಅಂದರೆ ಸಿಪಿಯು ಪ್ರತಿದಿನ ಬೆಳಗ್ಗೆ ಯಾವುದೋ ಹಳೇ ವರ್ಷದಲ್ಲಿ ಕಣ್ಣು ಬಿಡುತ್ತೆ. ವೆಬ್‌ಸೈಟುಗಳಿಗೆಲ್ಲ ಸರ್ಟಿಫಿಕೇಟು ಅಂತ ಇರುತ್ತೆ, ಅದಕ್ಕೆ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ ಗಡುವು. ಕಂಪ್ಯೂಟರಿನ ಲೆಕ್ಕದಲ್ಲಿ ಆ ಸರ್ಟಿಫಿಕೇಟು ಇನ್ನೂ ಹುಟ್ಟೇ ಇಲ್ಲ! ಬ್ಯಾಂಕೂ ತೆರೆಯಲ್ಲ, ಜಿಎಸ್‌ಟಿಯೂ ತೆರೆಯಲ್ಲ. ನನ್ನ ಹತ್ತಿರ ಬರುವಷ್ಟರಲ್ಲಿ ಗಿರಾಕಿಗಳು ಇಂಟರ್ನೆಟ್ ಹುಡುಗನ ಜೊತೆ ಜಗಳ ಆಡಿ, ಕನೆಕ್ಷನ್ನೇ ಬದಲಾಯಿಸ್ತೀನಿ ಅಂತ ಧಮಕಿ ಹಾಕಿ ಬಂದಿರುತ್ತಾರೆ. ನಾನು ಬ್ಯಾಟರಿ ಬದಲಾಯಿಸಿ, ಸತ್ತದ್ದನ್ನು ಅವರ ಅಂಗೈಗೆ ಇಡ್ತೀನಿ. ತಿರುಗಿಸಿ ಮುರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡು, ಕೇಳಿದಷ್ಟು ಕೊಟ್ಟು ಹೋಗ್ತಾರೆ. ಸತ್ತ ಬ್ಯಾಟರಿ ತಗೊಂಡು ಏನು ಮಾಡ್ತಾರೋ ದೇವರೇ ಬಲ್ಲ. ಏನೋ ‘ಹಾಕಿದ’ ಪುರಾವೆ ಇರಬೇಕು ನೋಡಿ, ಅಷ್ಟೇ.

ನಮ್ಮೂರಿನ ಕೊಬ್ಬರಿ ಮಂಡಿಯವರ ಕಥೆಯೇ ಬೇರೆ. ಎಪಿಎಂಸಿಯಲ್ಲಿ ಟೆಂಡರ್ ಆನ್‌ಲೈನ್ ಆಯಿತು, ಲೆಕ್ಕ ಟ್ಯಾಲಿಗೆ ಹೋಯಿತು, ದುಡ್ಡು ಫೋನಿನಲ್ಲಿ ಓಡಾಡುತ್ತೆ. ಆದರೆ ಗಲ್ಲಾದ ಪಕ್ಕದಲ್ಲಿ ಕರ್ರ್ ಕರ್ರ್ ಅನ್ನೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮಾತ್ರ ಜಪ್ಪಯ್ಯ ಅಂದರೂ ಏಳಲ್ಲ. ಹೊಸಬರು ನಗುತ್ತಾರೆ. ನಾನು ನಗಲ್ಲ. ಲೇಸರ್ ಪ್ರಿಂಟರ್ ಕಾಗದವನ್ನು ಮುಟ್ಟಿ ಗುದ್ದುವುದಿಲ್ಲ, ಇದು ಸೂಜಿಯಿಂದ ರಿಬ್ಬನ್ ಮೇಲೆ ಗುದ್ದುತ್ತೆ. ಗುದ್ದಿದರೆ ತಾನೇ ಕೆಳಗಿನ ಕಾರ್ಬನ್ ಕಾಪಿಯಲ್ಲೂ ಮೂಡೋದು? ಒಂದೇ ಏಟಿಗೆ ರೈತನಿಗೊಂದು, ವ್ಯಾಪಾರಿಗೊಂದು, ಫೈಲಿಗೊಂದು. ಈ ಪ್ರಿಂಟರನ್ನು ಸೋಲಿಸೋ ಯಂತ್ರವನ್ನು ಮಂಡಿಯವರು ಇನ್ನೂ ಕಂಡಿಲ್ಲ.

ಮಂಡಿ ಅಂದಮೇಲೆ ಇಲಿ. ಚಳಿಗಾಲದಲ್ಲಿ ಸಿಪಿಯು ಒಳಗೆ ಬೆಚ್ಚಗಿರುತ್ತೆ, ಹಿಂದುಗಡೆ ಒಂದು ತಗಡು ಬಿಚ್ಚಿಹೋಗಿದ್ದರೆ ಸಾಕು, ಸಂಸಾರ ಹೂಡೋಕೆ ಬಾಗಿಲೇ ಆಯ್ತು. ಒಂದು ಸಲ ಒಬ್ಬರ ಸಿಪಿಯು ಬಿಚ್ಚಿದರೆ ಪವರ್ ಸಪ್ಲೈ ಪಕ್ಕದಲ್ಲಿ ಒಪ್ಪವಾಗಿ ಕೊಬ್ಬರಿ ಚೂರು ಪೇರಿಸಿಟ್ಟಿದೆ! ವೈರುಗಳಿಗೆ ಹಲ್ಲು ತಾಗಿಸಿಲ್ಲ, ಬರೀ ಉಗ್ರಾಣ ಮಾಡಿಕೊಂಡಿದೆ. ಯಜಮಾನರು ಚೂರೊಂದನ್ನು ಎತ್ತಿ ಬೆಳಕಿಗೆ ಹಿಡಿದು, ‘ಒಳ್ಳೇ ಮಾಲೇ ಆರಿಸಿದೆ ಕಣ್ರೀ’ ಅಂದರು. ವ್ಯಾಪಾರಿ ಕಣ್ಣು ಅಂದರೆ ಅದು, ಅಲ್ವಾ?

ಆಯುಧಪೂಜೆ ಕಳೆದ ಮೇಲಿನ ವಾರ ನಮಗೆ ಸುಗ್ಗಿ. ಯಂತ್ರಕ್ಕೆ ಪೂಜೆ ಮಾಡೋದು ಒಳ್ಳೇದೇ, ನನ್ನಂಗಡಿಯಲ್ಲೂ ಮಾಡ್ತೀನಿ. ಆದರೆ ಕುಂಕುಮ ಫ್ಯಾನಿನ ಎದುರಿಗೇ ಯಾಕೆ ಹಚ್ಚಬೇಕು? ಫ್ಯಾನು ಅದನ್ನು ಎಳೆದುಕೊಂಡು ಪ್ರೊಸೆಸರಿಗೂ ಹಚ್ಚಿ ಬರುತ್ತೆ. ಚಕ್ರವೇ ಇಲ್ಲದ ಯುಪಿಎಸ್ ಅಡಿಗೆ ನಿಂಬೆಹಣ್ಣು ಇಟ್ಟವರಿದ್ದಾರೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಒಬ್ಬರು ಸಿಡಿ ಡ್ರೈವಿನ ಟ್ರೇ ಹೊರಗೆ ತೆಗೆದು, ಅದರ ಮಧ್ಯದ ಗುಬುಟಿನ ಪಕ್ಕ ಊದುಬತ್ತಿ ಸಿಕ್ಕಿಸಿದ್ದು. ‘ಸಿಡಿ ಯಾರ್ ಹಾಕ್ತಾರೆ ಈಗ, ಇದಕ್ಕಾದ್ರೂ ಆಗ್ಲಿ’ ಅಂದರು. ನಾನು ಏನಂತ ಉತ್ತರ ಕೊಡಲಿ? ಮಾತು ಸರಿಯಾಗೇ ಇತ್ತಲ್ಲ.

ಊದುಬತ್ತಿ ಅಂದಾಗ ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ನೆನಪಾದರು, ಅವರ ಕೋಣೆ ತುಂಬ ಅದೇ ವಾಸನೆ. ಊರಿನ ಚರಿತ್ರೆ ಬರೀತಾ ಇದ್ದಾರೆ, ಎಲ್ಲವೂ ಹಳೇ ನುಡಿಯಲ್ಲಿ. ನುಡಿ ಅಂದರೆ ಗೊತ್ತಲ್ಲ, ಕನ್ನಡ ಗಣಕ ಪರಿಷತ್ತಿನದು, ಕೀಲಿಮಣೆ ಜೋಡಣೆ ಕೆ.ಪಿ. ರಾವ್ ಅವರದು. ಯೂನಿಕೋಡಿಗೆ ಮೊದಲಿನ ನುಡಿಯಲ್ಲಿ ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ತಲೆಬುಡ ಇಲ್ಲದ ಇಂಗ್ಲಿಷು. ಮೇಷ್ಟ್ರು ಹೊಸ ಕಂಪ್ಯೂಟರಿನಲ್ಲಿ ಫೈಲು ತೆರೆದರು. ‘ನ’ ಇರಬೇಕಾದ ಕಡೆಯೆಲ್ಲ ಬ್ರಿಟನ್ನಿನ ಪೌಂಡ್ ಗುರುತು. ‘ಅಲ್ಲಯ್ಯ, ತಿಪಟೂರಿನ ಚರಿತ್ರೆಗೆ ಇಷ್ಟು ಪೌಂಡು ಎಲ್ಲಿಂದ ಬಂತು?’ ಅಂತ ಫೋನು.

ಎನಿಡೆಸ್ಕ್ ಹಾಕಿ ಕೂತಲ್ಲಿಂದಲೇ ಸರಿಮಾಡೋಣ ಅಂತ ‘ಮೇಷ್ಟ್ರೇ, ಸ್ಕ್ರೀನ್ ಮೇಲೆ ಒಂದು ನಂಬರ್ ಬಂದಿದೆ, ಓದಿ’ ಅಂದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ, ‘ನಂಬರ್ ಯಾರಿಗೂ ಕೊಡಬಾರದು ಅಂತ ಟಿವಿಯಲ್ಲಿ ಹೇಳಿದ್ದಾರೆ. ಜಾಸ್ತಿ ಒತ್ತಾಯ ಮಾಡಿದರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡ್ತೀನಿ’ ಅಂದರು! ನನಗೆ ಪಾಠ ಹೇಳಿದ ಮೇಷ್ಟ್ರು, ನನ್ನ ದನಿ ಕೇಳೇ ಗುರುತು ಹಿಡಿಯೋರು. ಆದರೂ ಕೋಪ ಬರಲಿಲ್ಲ. ಕಳ್ಳರು ಇದೇ ದಾರಿಯಲ್ಲಿ ನುಗ್ಗಿ ಎಷ್ಟು ಜನರ ಖಾತೆ ಗುಡಿಸಿ ಹಾಕಿದ್ದಾರೆ. ಮೇಷ್ಟ್ರಷ್ಟು ಗಟ್ಟಿಯಾಗಿ ಎಲ್ಲರೂ ಇದ್ದಿದ್ದರೆ ಚೆನ್ನಾಗಿತ್ತು. ಸ್ಕೂಟರ್ ಹತ್ತಿ ಹೋಗಿ ಫಾಂಟ್ ಹಾಕಿ ಬಂದೆ. ಕೋಡುಬಳೆ ಸಿಕ್ತು. ದುಡ್ಡೇ? ಮೇಷ್ಟ್ರ ಹತ್ತಿರ ಕೇಳೋಕಾಗುತ್ತಾ?

ಎಎಂಸಿ ಅಂತ ಒಂದಿದೆಯಲ್ಲ, ವರ್ಷಕ್ಕಿಷ್ಟು ಅಂತ ಮಾತಾಡಿಕೊಂಡು ನೋಡಿಕೊಳ್ಳೋದು, ಅದರಲ್ಲೂ ಇದೇ ‘ಏನೂ ಹಾಕ್ಲಿಲ್ಲ’ ಗೋಳು. ವರ್ಷವಿಡೀ ಏನೂ ಕೆಡದಿದ್ದರೆ, ‘ನೀವು ಬರಲೇ ಇಲ್ವಲ್ಲ, ದುಡ್ಡು ಯಾಕೆ?’ ಪದೇ ಪದೇ ಕೆಟ್ಟರೆ, ‘ಎಎಂಸಿ ಕೊಟ್ಟೂ ಹಿಂಗಾ?’ ಇದರ ಮೇಲೆ 18% ಜಿಎಸ್‌ಟಿ ಸೇರಿಸಿ ಬಿಲ್ ತೋರಿಸಿದರೆ, ತೆರಿಗೆಯೂ ನನ್ನ ಜೇಬಿಗೇ ಹೋಗುತ್ತೆ ಅನ್ನೋ ಹಾಗೆ ನೋಡ್ತಾರೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನವರು ಮಂಗಳ ಹಾಡಿದರಲ್ಲ, ಆಗಂತೂ ಒಬ್ಬೊಬ್ಬರಿಗೂ ವಿವರಿಸಿ ಗಂಟಲು ಒಣಗಿತು. ಹಳೇ ಮಿಷನ್ನಿಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಇಲ್ಲ, ವಿಂಡೋಸ್ 11 ಸರಿಯಾಗಿ ಕೂರಲ್ಲ ಅಂದರೆ, ‘ಚೆನ್ನಾಗೇ ಓಡ್ತಿದೆಯಲ್ಲ, ನಿಮಗ್ಯಾಕೆ ಅದರ ಮೇಲೆ ಕಣ್ಣು?’ 2020ರ ಜನವರಿಯಲ್ಲೇ ಕಾಲ ಮುಗಿದ ವಿಂಡೋಸ್ 7 ಇನ್ನೂ ಇಟ್ಟುಕೊಂಡವರ ಹತ್ತಿರ ನಾನೇನು ಮಾತಾಡೋದು ಹೇಳಿ.

ಸಾಮಾನು ತರೋಕೆ ಬೆಂಗಳೂರಿನ ಎಸ್.ಪಿ. ರೋಡಿಗೇ ಹೋಗಬೇಕು, ರೈಲು ಹತ್ತಿಕೊಂಡು. ಆ ಗಲ್ಲಿಗಳಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಅಡ್ಡಡ್ಡ ನುಸುಳಬೇಕು. ಹಳೇ ಮಾಲಿಗೆ ವಾರಂಟಿ ಕೇಳಿದರೆ ‘ಟೆಸ್ಟಿಂಗ್ ವಾರಂಟಿ’ ಅಂತಾರೆ. ಕೌಂಟರಿನ ಮೇಲೆ ಓಡಿಸಿ ತೋರಿಸ್ತಾರೆ, ಕೌಂಟರ್ ಬಿಟ್ಟರೆ ನಿನ್ನ ಹಣೆಬರಹ. ಎಂಥ ನಿಷ್ಠುರ, ಎಂಥ ಪ್ರಾಮಾಣಿಕತೆ! ಈ ವಾರಂಟಿ ನಾನೂ ನಮ್ಮೂರಲ್ಲಿ ಕೊಟ್ಟಿದ್ದರೆ ಜನ ಅಂಗಡಿ ಬೋರ್ಡೇ ಕಿತ್ತು ಕೈಗೆ ಕೊಡ್ತಿದ್ದರು.

ಕೊನೆಗೆ ಈ ‘ಏನೂ ಹಾಕ್ಲಿಲ್ಲ’ಕ್ಕೆ ಮದ್ದು ಸಿಕ್ಕಿದ್ದು ಬ್ಲೋಯರಿನಿಂದ. ರೋಗ ಏನೇ ಇರಲಿ, ಸಿಪಿಯುವನ್ನು ಫುಟ್‌ಪಾತಿಗೆ ತಂದು, ಪಕ್ಕ ಬಿಚ್ಚಿ, ಗಿರಾಕಿಯನ್ನೂ ಎದುರಿಗೆ ನಿಲ್ಲಿಸಿಕೊಂಡು ಜೋರಾಗಿ ಗಾಳಿ ಹೊಡೀತೀನಿ. ಅಬ್ಬಬ್ಬಾ, ಕೊಬ್ಬರಿ ಪುಡಿ, ಕುಂಕುಮ, ಊದುಬತ್ತಿ ಬೂದಿ, ಜೇಡರಬಲೆ, ಎಲ್ಲ ಬಿ.ಎಚ್. ರಸ್ತೆಯ ಮೇಲೆ ಮೋಡ ಏಳುತ್ತೆ. ಗಿರಾಕಿ ಮೂಗು ಮುಚ್ಚಿಕೊಂಡು, ‘ಇಷ್ಟಿತ್ತಾ ಒಳಗೆ!’ ಅಂತ ಬಾಯಿ ಬಿಡ್ತಾರೆ. ಫ್ಯಾನಿನ ಸಂದಿ ತೆರವಾಗಿ ಮಿಷನ್ ತಣ್ಣಗೆ ಓಡೋದು ನಿಜವೇ, ಸುಳ್ಳು ಕೆಲಸವೇನಲ್ಲ. ಬಿಲ್ಲಿನಲ್ಲಿ ‘ಸರ್ವಿಸ್’ ಅಂತ ಬರೆಯೋದು ಬಿಟ್ಟು ‘ಕ್ಲೀನಿಂಗ್’ ಅಂತ ಬರೀತೀನಿ. ಒಬ್ಬರೂ ಚೌಕಾಸಿ ಮಾಡಿಲ್ಲ ನೋಡಿ. ತಲೆಯೊಳಗಿನ ವಿದ್ಯೆಗೆ ಕೊಡದಿದ್ದದ್ದನ್ನು ಸಿಪಿಯು ಒಳಗಿನ ಕಸಕ್ಕೆ ಕೊಡ್ತಾರೆ. ಇರಲಿ, ದುಡ್ಡು ದುಡ್ಡೇ ಅಲ್ವಾ?

ಆದರೆ ಈ ಮದ್ದಿಗೂ ಕಾಲ ಮುಗೀತಾ ಬಂತು ಕಣ್ರೀ. ಮೊನ್ನೆ ಮಂಡಿ ಯಜಮಾನರೊಬ್ಬರ ಮಗ ಬೆಂಗಳೂರಿನಿಂದ ಬಂದವನು ಮ್ಯಾಕ್‌ಬುಕ್ ಏರ್ ಹಿಡಕೊಂಡು ಬಂದ, ಅಪ್ಪನೂ ಜೊತೆಗಿದ್ದರು. 2020ರ ಕೊನೆಯಿಂದ ಈಚೆಗಿನ ಆ ಲ್ಯಾಪ್‌ಟಾಪಿನಲ್ಲಿ ಫ್ಯಾನೇ ಇಲ್ಲ. ಫ್ಯಾನಿಲ್ಲದ ಮೇಲೆ ಧೂಳು ಎಳೆಯೋರು ಯಾರು? ಅವನ ಮೇಲ್‌ಬಾಕ್ಸ್ ತುಂಬಿಹೋಗಿ ಹೊಸ ಮೇಲ್ ಬರ್ತಿರಲಿಲ್ಲ, ಅಷ್ಟೇ ರೋಗ. ದೊಡ್ಡ ದೊಡ್ಡ ಫೈಲು ಹುಡುಕಿ ಅಳಿಸಿ ಕೊಟ್ಟೆ. ಬಾಯಿ ಬಿಡೋಕೆ ಮೊದಲೇ ಹುಡುಗ ಫೋನ್ ತೆಗೆದು 500 ಹಾಕಿ, ‘ನಿಮ್ಮ ಟೈಮಿಗೆ, ಅಣ್ಣ’ ಅಂದ. ನನಗೆ ಏನು ಹೇಳೋದು ಅಂತಲೇ ತೋಚಲಿಲ್ಲ.

ಅಪ್ಪ ಬಿಡಬೇಕಲ್ಲ! ಲ್ಯಾಪ್‌ಟಾಪನ್ನೂ ನನ್ನ ಖಾಲಿ ಕೈಯನ್ನೂ ಒಂದು ಸಲ ನೋಡಿದರು. ‘500 ಕೊಟ್ಟಿದ್ದೀಯಲ್ಲೋ, ಒಂದ್ಸಲ ಗಾಳಿಯಾದ್ರೂ ಹೊಡೆಸ್ಕೊಂಡು ಬಾ’ ಅಂದರು. ಹಿರಿಯರ ಮಾತು ಮೀರೋಕಾಗುತ್ತಾ? ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಎರಡು ಸಲ ಬ್ಲೋಯರ್ ಆಡಿಸಿದೆ. ‘ಹೂಂ, ಈಗ ಸರಿ’ ಅಂದರು.