ಉತ್ತರಾಣು ಮತ್ತು ಅದರ ಸಮಸ್ಥಾನಿಗಳು: ಒಂದು ಪ್ರಾಥಮಿಕ ಮೀಮಾಂಸೆ

ದ್ರವ್ಯದ ಮೂಲಘಟಕ ಪರಮಾಣು. ಪರೀಕ್ಷಾ ರಸಾಯನಶಾಸ್ತ್ರದ ಮೂಲಘಟಕವಾದರೋ ಉತ್ತರಾಣು, ಎಂದರೆ ಕಂಠಪಾಠದ ಸಿದ್ಧ ಉತ್ತರ, ಎಂಬುದೇ ಪ್ರಸ್ತುತ ಪ್ರಬಂಧದ ಪ್ರಮೇಯ. ಪರಮಾಣುವನ್ನು ಒಡೆಯಲಾಗದು ಎಂದು ಡಾಲ್ಟನ್ ನಂಬಿದ್ದ, 1897ರಲ್ಲಿ ಜೆ. ಜೆ. ಥಾಮ್ಸನ್ ಅದರೊಳಗಿಂದ ಎಲೆಕ್ಟ್ರಾನನ್ನು ಹೊರಗೆಳೆದು ತೋರಿಸಿದ. ಉತ್ತರಾಣುವನ್ನು ಒಡೆಯುವ ಧೈರ್ಯ ಮಾತ್ರ ಇಂದಿಗೂ ಯಾರಿಗೂ ಬಂದಿಲ್ಲ. ಒಂದು ಪದ ಆಚೀಚೆಯಾದರೂ ಅರ್ಧ ಅಂಕ ಖೋತಾ.

ಇದರ ಸಂರಚನೆಯನ್ನು ಅವಲೋಕಿಸೋಣವಾಗಲಿ. ಕೇಂದ್ರದಲ್ಲಿ ಪ್ರೋಟಾನ್‌ಗಳು, ಅರ್ಥಾತ್ ಸ್ಕೇಲಿಟ್ಟು ಅಡಿಗೆರೆ ಎಳೆದ ಪದಗಳು. ಮೌಲ್ಯಮಾಪಕರ ದೃಷ್ಟಿಯನ್ನು ಸೆಳೆಯುವ ಧನಾವೇಶ ಇವುಗಳದೇ. ಇವಕ್ಕೆ ಅಂಟಿಕೊಂಡು ನ್ಯೂಟ್ರಾನ್‌ಗಳು: ‘ಮೇಲ್ಕಂಡ ಅಂಶಗಳಿಂದ ನಮಗೆ ತಿಳಿದುಬರುವುದೇನೆಂದರೆ’ ಇತ್ಯಾದಿ ಆವೇಶರಹಿತ ಪದಪುಂಜಗಳು, ಅರ್ಥಕ್ಕೆ ಏನನ್ನೂ ಕೂಡಿಸವು, ತೂಕ ಮಾತ್ರ ಹೆಚ್ಚಿಸುವವು. ಬಹುದೂರದ ಕಕ್ಷೆಗಳಲ್ಲಿ ವಿದ್ಯಾರ್ಥಿಗಳೆಂಬ ಎಲೆಕ್ಟ್ರಾನ್‌ಗಳು ಸುತ್ತುತ್ತಿರುತ್ತವೆ. ಕೊನೇ ಬೆಂಚಿನ ಕಕ್ಷೆಯವು ಕೇಂದ್ರದ ಹಿಡಿತದಿಂದ ಸುಲಭವಾಗಿ ಪಾರಾಗುತ್ತವೆ. ಶಾಸ್ತ್ರದಲ್ಲಿ ಇದಕ್ಕೆ ಅಯಾನೀಕರಣವೆಂದು ಹೆಸರು. ಹಾಜರಿ ಪುಸ್ತಕದಲ್ಲಿ ಗೈರು.

ಅಡಿಗೆರೆಯ ಪದಗಳು ಅವೇ ಇದ್ದು ತೂಕ ಮಾತ್ರ ಬೇರೆಯಾದ ಉತ್ತರಾಣುಗಳೇ ಸಮಸ್ಥಾನಿಗಳು. ಹೈಡ್ರೋಜನ್‌ಗೆ ಪ್ರೋಟಿಯಂ, ಡ್ಯುಟೀರಿಯಂ, ಟ್ರಿಟಿಯಂ ಇರುವಂತೆ ಇದಕ್ಕೆ ಒಂದಂಕದ್ದು, ಎರಡಂಕದ್ದು, ನಾಲ್ಕಂಕದ್ದು. ನಾಲ್ಕಂಕದ್ದರಲ್ಲಿ ಪುಟ ತುಂಬುವವರೆಗೂ ನ್ಯೂಟ್ರಾನ್. ರಾಸಾಯನಿಕ ಗುಣ ಮೂರಕ್ಕೂ ಒಂದೇ: ಮಗುವಿನ ತಲೆಯೊಂದಿಗೆ ಯಾವುದೂ ವರ್ತಿಸುವುದಿಲ್ಲ. ಕಾರ್ಬನ್-14ರ ಅರ್ಧಾಯು ಸುಮಾರು 5,730 ವರ್ಷ. ಉತ್ತರಾಣುವಿನದು ಪರೀಕ್ಷಾ ಕೊಠಡಿಯಿಂದ ಗೇಟಿನವರೆಗೆ.

ಇನ್ನು ಐಸೋಬಾರ್‌ಗಳು. ಆರ್ಗಾನ್-40, ಕ್ಯಾಲ್ಸಿಯಂ-40ರಂತೆ ತೂಕ ಸಮನಾಗಿದ್ದು ಜಾತಿ ಬೇರೆಯಾದವು. ಉದಾಹರಣೆಗೆ ರಸಾಯನಶಾಸ್ತ್ರದ ಗೈಡು ಮತ್ತು ಜೀವಶಾಸ್ತ್ರದ ಗೈಡು. ಇವುಗಳಲ್ಲಿ ಉಪವರ್ಗಗಳು ಐದು, ಪ್ರಥಮತಃ... ಹೋಗಲಿ ಬಿಡಿ. ಬರೆಯುವವನಿಗೇ ಆಕಳಿಕೆ ಬರುತ್ತಿದೆ.

ವಿಷಯಕ್ಕೆ ಬರುತ್ತೇನೆ. ನಾನು ಹಿಂದೆ ಕೂತು ನೋಡುತ್ತಿದ್ದ ಒಂದು ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸಾರ್, ಕ್ಲೋರಿನ್‌ದು ಪರಮಾಣು ತೂಕ 35.5 ಅಂತ ಬರೆಸಿದ್ರಿ. ಹಾಗಾದ್ರೆ ಅದರಲ್ಲಿ ಅರ್ಧ ನ್ಯೂಟ್ರಾನ್ ಇರುತ್ತಾ?”

“ಅದು ಎಕ್ಸಾಮ್‌ಗೆ ಬರಲ್ಲ. ಕೂತ್ಕೋ.”

ಕೂತಳು. ಉಳಿದವರು ಬರೆದುಕೊಳ್ಳುವುದನ್ನು ಮುಂದುವರಿಸಿದರು.

ಅವಳು ಕೇಳಿದ್ದೇನು ಎಂಬುದು ಮೇಷ್ಟ್ರಿಗೆ ಗೊತ್ತಿತ್ತೇ? 1815ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ ಎಲ್ಲ ಧಾತುಗಳ ತೂಕವೂ ಹೈಡ್ರೋಜನ್ ತೂಕದ ಪೂರ್ಣ ಗುಣಕಗಳೇ ಇರಬೇಕು ಎಂದು ಊಹಿಸಿದ. ಎಷ್ಟು ಚೆಂದದ ಊಹೆ! ಅದಕ್ಕೆ ಅಡ್ಡಗಾಲು ಹಾಕಿದ್ದು ಇದೇ ಕ್ಲೋರಿನ್, ಇದೇ 35.5. ಎಷ್ಟು ಶುದ್ಧೀಕರಿಸಿ ತೂಗಿದರೂ ಆ ಅರ್ಧ ಅಲ್ಲಾಡಲಿಲ್ಲ. 1913ರಲ್ಲಿ ಗ್ಲ್ಯಾಸ್ಗೋದಲ್ಲಿದ್ದ ಫ್ರೆಡರಿಕ್ ಸಾಡಿ, ಒಂದೇ ಧಾತುವಿನಲ್ಲಿ ಬೇರೆ ಬೇರೆ ತೂಕದ ಪರಮಾಣುಗಳಿರಬಹುದು ಎಂದ. 1919ರಲ್ಲಿ ಕೇಂಬ್ರಿಜ್‌ನ ಫ್ರಾನ್ಸಿಸ್ ಆಸ್ಟನ್ ತನ್ನ ದ್ರವ್ಯರಾಶಿ ರೋಹಿತಲೇಖಿ ಕಟ್ಟಿದ ಮೇಲೆ ಕ್ಲೋರಿನ್ 35 ಮತ್ತು 37 ಎಂದು ಎರಡಾಗಿ ಬಿಚ್ಚಿಕೊಂಡಿತು. ಒಂದು ಶತಮಾನ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆಯನ್ನು ಹದಿನಾಲ್ಕರ ಹುಡುಗಿ ತಾನಾಗಿಯೇ ಕೇಳಿದಳು. ನಾವು ಕೂರಿಸಿದೆವು. ಅವಳು ಇನ್ನೊಮ್ಮೆ ಏಳುತ್ತಾಳೆಂಬ ನಂಬಿಕೆ ನನಗಿಲ್ಲ. ಇಂಥ ಎಷ್ಟು ಮಕ್ಕಳನ್ನು ಹೀಗೆ ಕೂರಿಸಿಟ್ಟಿದ್ದೇವೋ!

ಉತ್ತರಕ್ಕೆ ಬೋರ್ಡಿನ ಒಂದು ಮೂಲೆ ಸಾಕಿತ್ತು. ಪ್ರೋಟಾನ್ ಎಲ್ಲದರಲ್ಲೂ 17. ನ್ಯೂಟ್ರಾನ್ ಕೆಲವದರಲ್ಲಿ 18, ಕೆಲವದರಲ್ಲಿ 20. ಪ್ರಕೃತಿಯಲ್ಲಿ ನಾಲ್ಕು ಕ್ಲೋರಿನ್ ಪರಮಾಣು ಹೆಕ್ಕಿದರೆ ಹೆಚ್ಚುಕಡಿಮೆ ಮೂರು 35ರವು, ಒಂದು 37ರದು. ಕೂಡಿದರೆ 142. ನಾಲ್ಕರಿಂದ ಭಾಗಿಸಿದರೆ 35.5. ಅರ್ಧ ನ್ಯೂಟ್ರಾನ್ ಎಲ್ಲೂ ಇಲ್ಲ, ಇರುವುದು ಸರಾಸರಿ.

ಮೇಷ್ಟ್ರೇ, ನಾಳೆ ಅವಳನ್ನೇ ಕರೆದು ಕೈಗೆ ಚಾಕ್‌ಪೀಸ್ ಕೊಡಿ. ಈ ಲೆಕ್ಕ ಅವಳೇ ಮಾಡಲಿ.