ಅಪ್‌ಟೈಮ್ ರಾಯರು

ಬೆಂಗಳೂರಿನ ಯಾವ ಐಟಿ ಕಂಪನಿಗೆ ಬೇಕಾದರೂ ಹೋಗಿ. ಎ.ಸಿ. ಅತಿ ಜೋರಾಗಿರುವ, ಕಿಟಕಿಯೇ ಇಲ್ಲದ ಮೂಲೆಯಲ್ಲಿ ಏಪ್ರಿಲ್ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಕೂತಿರುವವರೇ ಅಪ್‌ಟೈಮ್ ರಾಯರು. ಸೇರುವಾಗ ಅವರು ಸಿಸ್ಟಮ್ ಅಡ್ಮಿನ್. ಈಚೆಗೆ ಎಚ್‌ಆರ್‌ನವರು ಡೆವ್‌ಆಪ್ಸ್ ಎಂಜಿನಿಯರ್ ಎಂದು ಬದಲಿಸಿದ್ದಾರೆ. ಕೆಲಸ ಅದೇ, ಸಂಬಳವೂ ಹೆಚ್ಚುಕಡಿಮೆ ಅದೇ. ಹೊಸಬರು ಯಾರಾದರೂ ಪರಿಚಯಕ್ಕೆ ಬಂದರೆ ರಾಯರು ಕೈ ಕುಲುಕುವುದಿಲ್ಲ. ಕಪ್ಪು ಪರದೆಯಲ್ಲಿ ‘ಅಪ್‌ಟೈಮ್’ ಎಂದು ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಮೆಶಿನ್ ಎಷ್ಟು ದಿನದಿಂದ ಒಂದೇ ಸಮನೆ ಓಡುತ್ತಿದೆ ಎನ್ನುವ ಲೆಕ್ಕ ಬರುತ್ತದೆ. 600 ದಾಟಿದ್ದರೆ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿ, ಪರದೆ ಎಲ್ಲರಿಗೂ ಕಾಣುವಂತೆ ಮಾಡುತ್ತಾರೆ.

ಈ ವಿಷಯದಲ್ಲಿ ಅವರಿಗೊಂದು ಹಳೆಯ ಗಾಯವಿದೆ. ಹಿಂದಿನ ಲಿನಕ್ಸ್ ಕರ್ನಲ್‌ಗಳಲ್ಲಿ ಈ ಲೆಕ್ಕ ಇಡುವುದಕ್ಕೆ ಸೆಕೆಂಡಿಗೆ 100 ಸಲ ಏರುವ 32 ಬಿಟ್‌ನ ಕೌಂಟರ್ ಇತ್ತು. 497 ದಿನ ಆಯಿತೋ, ಅದು ತುಂಬಿ ಮತ್ತೆ ಸೊನ್ನೆಗೆ ಬರುತ್ತಿತ್ತು. ಮೆಶಿನ್ ಒಂದು ಕ್ಷಣವೂ ನಿಂತಿಲ್ಲ, ಪುಣ್ಯ ಮಾತ್ರ ಅಳಿಸಿಹೋಯಿತು. ಕರ್ನಲ್ ಬರೆದವರನ್ನು ರಾಯರು ಇನ್ನೂ ಕ್ಷಮಿಸಿಲ್ಲ.

ಅವರ ಎರಡನೆಯ ಗೀಳು, ಸರ್ವರ್ ಎದ್ದಾಗ ಅದರ ಜೊತೆ ಯಾರ‍್ಯಾರು ಏಳಬೇಕು ಎನ್ನುವುದು. ಮೆಶಿನ್ ಆನ್ ಆದ ಕೂಡಲೇ ತೆರೆಮರೆಯಲ್ಲಿ ಹತ್ತಾರು ಸರ್ವೀಸುಗಳು ತಾವಾಗಿಯೇ ಶುರುವಾಗುತ್ತವೆ. ದೂರದಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್ ಬೇಕು, ಹೊತ್ತುಹೊತ್ತಿನ ಕೆಲಸಕ್ಕೆ ಕ್ರಾನ್ ಬೇಕು, ಡೇಟಾಬೇಸ್ ಬೇಕು, ವೆಬ್ ಸರ್ವರ್ ಬೇಕು. ಇದಕ್ಕೆ ರಾಯರ ತಕರಾರಿಲ್ಲ. ಆದರೆ ರ‍್ಯಾಕಿನಲ್ಲಿ ಮೊಳೆ ಹೊಡೆದಂತೆ ಕೂತಿರುವ ಸರ್ವರಿಗೆ ಬ್ಲೂಟೂತ್ ಯಾಕೆ? ಮೊಬೈಲ್ ಡಾಂಗಲ್ ಹುಡುಕುವ ಮೋಡೆಮ್‌ಮ್ಯಾನೇಜರ್ ಯಾಕೆ? ಅಕ್ಕಪಕ್ಕದ ಮೆಶಿನ್‌ಗಳಿಗೆಲ್ಲ ‘ನಾನಿಲ್ಲಿದ್ದೇನೆ’ ಎಂದು ಕೂಗಿ ಹೇಳುವ ಅವಾಹಿ ಯಾಕೆ? ಕರೆಯದೆ ಬಂದವನನ್ನು ಕೆರದಿಂದ ಹೊಡಿ ಎಂಬ ಗಾದೆಯನ್ನು ರಾಯರು ಸೆಕ್ಯುರಿಟಿ ಪಾಲಿಸಿ ಮಾಡಿಕೊಂಡಿದ್ದಾರೆ. ಹೊಸ ಸರ್ವರ್ ಬಂದ ದಿನ ಪಟ್ಟಿ ತೆಗೆದು ಒಂದೊಂದನ್ನೇ ಡಿಸೇಬಲ್ ಮಾಡುವಾಗ ಅವರು ಹಾಡು ಗುನುಗುವುದನ್ನು ಕೇಳಿದವರಿದ್ದಾರೆ.

ಅವರ ಅತಿ ದೊಡ್ಡ ವೈರಿ ಪ್ರಿಂಟಿಂಗ್ ಸರ್ವೀಸ್, ಅಂದರೆ ಕಪ್ಸ್. ‘ಸರ್ವರಿಂದ ಯಾರಪ್ಪಾ ಪ್ರಿಂಟ್ ತೆಗೀತಾರೆ?’ ಎಂದು ವರ್ಷಗಟ್ಟಲೆ ಗೊಣಗಿದರು. ಯಾರೂ ಕಿವಿಗೊಡಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಆ ಬಳಗದ ಕಪ್ಸ್-ಬ್ರೌಸ್ಡ್ ಎಂಬ ಸರ್ವೀಸಿನ ಲೋಪ ಬಯಲಾಯಿತು. 631ನೇ ಪೋರ್ಟಿನಲ್ಲಿ ಕಿವಿ ತೆರೆದು ಕೂತಿರುವ ಅದು, ಹೊರಗಿನಿಂದ ಯಾರು ಬಂದು ‘ನಾನೊಂದು ಪ್ರಿಂಟರ್’ ಎಂದರೂ ನಂಬುತ್ತಿತ್ತು. ಆಮೇಲೆ ಯಾರಾದರೂ ಆ ಸುಳ್ಳು ಪ್ರಿಂಟರಿಗೆ ಒಂದು ಪ್ರಿಂಟ್ ಕೊಟ್ಟರೆ ಸಾಕು, ಕಳ್ಳ ಬರೆದಿಟ್ಟ ಕಮಾಂಡ್ ಮೆಶಿನ್ ಮೇಲೆ ನಡೆದುಬಿಡುತ್ತಿತ್ತು. ಜಗತ್ತಿನ ಅಡ್ಮಿನ್‌ಗಳೆಲ್ಲ ಗಾಬರಿಬಿದ್ದ ಆ ವಾರ ರಾಯರು ಮಾತ್ರ ಕ್ಯಾಂಟೀನಿನಲ್ಲಿ ಎರಡು ಮಸಾಲೆ ದೋಸೆ ತಿಂದರು.

ರಾಯರು ಕಸುಬು ಕಲಿತದ್ದು, ಸರ್ವೀಸುಗಳನ್ನು ಎಬ್ಬಿಸುವ ಹಳೆಯ ವ್ಯವಸ್ಥೆಯಾದ ಸಿಸ್‌ವಿ ಇನಿಟ್ ಕಾಲದಲ್ಲಿ. ಮದುವೆ ಮನೆಯ ಪಂಕ್ತಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಂದು ಬಡಿಸುವವರು ಸಾಲು ತಪ್ಪದೆ ಬರುವ ಹಾಗೆ, ಆಗ ಪ್ರತಿ ಸರ್ವೀಸಿಗೂ ಒಂದು ನಂಬರು. ರೆಡ್ ಹ್ಯಾಟ್ ಸರ್ವರಿನಲ್ಲಿ ನೆಟ್‌ವರ್ಕ್ 10, ಎಸ್‌ಎಸ್‌ಎಚ್ 55, ಮೈಎಸ್‌ಕ್ಯೂಎಲ್ 64, ವೆಬ್ ಸರ್ವರ್ 85. ಒಬ್ಬ ಮುಗಿಸುವ ತನಕ ಇನ್ನೊಬ್ಬ ಒಳಗೆ ಕಾಲಿಡುವಂತಿಲ್ಲ. ಸೆಂಡ್‌ಮೇಲ್ ತನ್ನ ಹೆಸರು ತನಗೇ ಗೊತ್ತಾಗದೆ ಡಿಎನ್‌ಎಸ್ ಉತ್ತರಕ್ಕೆ ಕಾಯುತ್ತ ನಿಂತರೆ ಹಿಂದಿನವರೆಲ್ಲ ಬಕೆಟ್ ಹಿಡಿದು ನಿಲ್ಲಬೇಕು. ಯಾವ ರನ್‌ಲೆವೆಲ್ಲಿಗೆ ಯಾರು ಬೇಕೆಂದು ಚೆಕ್‌ಕಾನ್ಫಿಗ್ ಕಮಾಂಡಿನಲ್ಲಿ ಹೇಳಿದರಾಯಿತು. 3 ಎಂದರೆ ಮಾಮೂಲಿ ಸರ್ವರ್, 5 ಎಂದರೆ ಗ್ರಾಫಿಕ್ಸ್, 0 ಎಂದರೆ ಶಟ್‌ಡೌನ್, 6 ಎಂದರೆ ರೀಬೂಟ್. ಡೀಫಾಲ್ಟನ್ನು 6ಕ್ಕೆ ಇಟ್ಟುಬಿಟ್ಟರೆ ಮೆಶಿನ್ ಏಳುತ್ತದೆ, ರೀಬೂಟ್ ಆಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ರೀಬೂಟ್. ಹಾಗೆ ಮಾಡಬೇಡಿ ಎಂದು ಡೀಫಾಲ್ಟ್ ಬರೆದಿಡುವ ಫೈಲಿನಲ್ಲೇ ದೊಡ್ಡ ಅಕ್ಷರದ ಎಚ್ಚರಿಕೆ ಇರುತ್ತಿತ್ತು. ಎಚ್ಚರಿಕೆ ಬರೆದಿದ್ದಾರೆ ಎಂದರೆ ಯಾರೋ ಪುಣ್ಯಾತ್ಮ ಮಾಡಿಯೇ ನೋಡಿರಬೇಕು.

2010ರಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಇದರ ಬದಲಿಗೆ ಸಿಸ್ಟಮ್‌ಡಿ ತಂದರು. ನಂಬರು ಹೋಯಿತು, ಸಾಧ್ಯವಿರುವವರೆಲ್ಲ ಒಟ್ಟೊಟ್ಟಿಗೆ ಏಳುವ ಪದ್ಧತಿ ಬಂತು. ಲಿನಕ್ಸ್ ವಿತರಣೆಗಳಲ್ಲಿ ಫೆಡೋರಾ 2011ರಲ್ಲೇ ಒಪ್ಪಿಕೊಂಡಿತು. ಡೆಬಿಯನ್‌ನಲ್ಲಿ ಮಾತ್ರ ಮಹಾಯುದ್ಧ. 2014ರ ಫೆಬ್ರವರಿಯಲ್ಲಿ ಅದರ ತಾಂತ್ರಿಕ ಸಮಿತಿಯ ಮತ ಸರಿಸಮ ಬಿದ್ದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಪ್ಪದವರು ಅದೇ ವರ್ಷ ಬೇರೆ ಮನೆ ಹೂಡಿ ಡೆವುವಾನ್ ಎಂದು ಹೆಸರಿಟ್ಟರು. ರಾಯರ ಮನಸ್ಸು ಡೆವುವಾನ್‌ನಲ್ಲಿ, ಹೊಟ್ಟೆಪಾಡು ಸಿಸ್ಟಮ್‌ಡಿಯಲ್ಲಿ. ದಿನಕ್ಕೆರಡು ಸಲ ಅದನ್ನು ಬೈದು, ಇಪ್ಪತ್ತು ಸಲ ಅದನ್ನೇ ಬಳಸುತ್ತಾರೆ. ಅದರಲ್ಲಿ ಅವರು ಮೆಚ್ಚಿಕೊಂಡದ್ದು ಎರಡೇ. ಒಂದು ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’: ಬೂಟ್ ಆಗುವಾಗ ಯಾರು ಎಷ್ಟು ಹೊತ್ತು ತಿಂದರು ಎಂದು ಹೆಸರು ಹಿಡಿದು ಹೇಳುತ್ತದೆ. ಇಡೀ ಆಫೀಸು ನಡೆಯುವುದೇ ಬ್ಲೇಮ್ ಮೇಲೆ, ಅದಕ್ಕೊಂದು ಅಧಿಕೃತ ಕಮಾಂಡ್ ಸಿಕ್ಕಿತಲ್ಲ ಎಂದು ಅವರ ಸಮಾಧಾನ. ಇನ್ನೊಂದು ‘ಮಾಸ್ಕ್’. ಡಿಸೇಬಲ್ ಮಾಡಿದ ಸರ್ವೀಸ್ ಬೂಟ್‌ನಲ್ಲಿ ತಾನಾಗಿ ಏಳದಿದ್ದರೂ, ಬೇರೊಂದು ಸರ್ವೀಸ್ ‘ನನಗೆ ಇವನು ಬೇಕು’ ಎಂದರೆ ಹಿಂಬಾಗಿಲಿಂದ ಎದ್ದು ಬರುತ್ತದೆ. ಮಾಸ್ಕ್ ಮಾಡಿದರೆ ಅದರ ಹೆಸರನ್ನು ನೇರವಾಗಿ ಡೆವ್-ನಲ್ ಎಂಬ ಶೂನ್ಯಕ್ಕೆ ಕಟ್ಟುತ್ತಾರೆ. ಆಮೇಲೆ ಯಾರು ಕರೆದರೂ ಓಗೊಡುವುದಿಲ್ಲ. ಕೆಲವು ಮ್ಯಾನೇಜರುಗಳಿಗೂ ಈ ಸೌಲಭ್ಯ ಇರಬೇಕಿತ್ತು ಎಂದು ರಾಯರು ಹೇಳಿದ್ದುಂಟು, ಮ್ಯಾನೇಜರ್ ರಜೆಯಲ್ಲಿದ್ದ ದಿನ.

ಇಷ್ಟೆಲ್ಲ ಬಲ್ಲ ಮನುಷ್ಯ ‘ರೀಬೂಟ್’ ಎಂಬ ಮಾತು ಕೇಳಿದರೆ ಬಿಳುಚಿಕೊಳ್ಳುತ್ತಾರೆ. ಕಾರಣ ಡೆವಲಪರ್ ಹುಡುಗರು. ಸಿಸ್ಟಮ್‌ಡಿಯಲ್ಲಿ ಸ್ಟಾರ್ಟ್ ಬೇರೆ, ಎನೇಬಲ್ ಬೇರೆ. ಸ್ಟಾರ್ಟ್ ಎಂದರೆ ಈಗ ಏಳು. ಎನೇಬಲ್ ಎಂದರೆ ಮುಂದೆ ಮೆಶಿನ್ ಎದ್ದಾಗಲೆಲ್ಲ ಏಳು. ಎರಡೂ ಒಟ್ಟಿಗೆ ಆಗಲೆಂದು ‘ಎನೇಬಲ್ --ನೌ’ ಕೊಟ್ಟಿದ್ದಾರೆ. ಹುಡುಗ ಸ್ಟಾರ್ಟ್ ಕೊಟ್ಟ, ಆ್ಯಪ್ ಓಡಿತು, ಎಲ್ಲರೂ ಚಪ್ಪಾಳೆ ಹೊಡೆದರು. ಆರು ತಿಂಗಳಿಗೆ ಅವನಿಗೆ ಔಟರ್ ರಿಂಗ್ ರೋಡಿನಲ್ಲಿ ಒಳ್ಳೆಯ ಆಫರ್ ಸಿಕ್ಕಿತು. ಆ್ಯಪ್ ಇನ್ನೂ ಓಡುತ್ತಲೇ ಇದೆ, ಯಾರು ಓಡಿಸಿದ್ದೆಂದು ಯಾರಿಗೂ ನೆನಪಿಲ್ಲ. ಅಂದರೆ ಆ 600 ದಿನಗಳ ಅಪ್‌ಟೈಮ್‌ನ ಅರ್ಥ, ಮೆಶಿನ್ ಸರಿಯಾಗಿ ಏಳುತ್ತದೋ ಇಲ್ಲವೋ ಎಂದು 600 ದಿನದಿಂದ ಯಾರೂ ಪರೀಕ್ಷಿಸಿಲ್ಲ ಎಂದೇ. ರಾಯರಿಗೂ ಇದು ಗೊತ್ತು. ಬಾಯಿಬಿಟ್ಟು ಹೇಳುವುದಿಲ್ಲ.

ಕೊನೆಗೊಂದು ದಿನ ಸೆಕ್ಯುರಿಟಿ ಪ್ಯಾಚ್ ಬರುತ್ತದೆ. ಶನಿವಾರ ರಾತ್ರಿ ಎರಡು ಗಂಟೆಗೆ ಮುಹೂರ್ತ. ರಾಯರು ಫ್ಲಾಸ್ಕಿನಲ್ಲಿ ಕಾಫಿ ತಂದಿರುತ್ತಾರೆ. ರೀಬೂಟ್ ಕೊಟ್ಟ ಮೇಲೆ ಪಿಂಗ್ ಮಾಡುತ್ತ ಕೂರುವುದು, ಉತ್ತರವಿಲ್ಲ. ದೊಡ್ಡ ಸರ್ವರಿಗೆ ಮೆಮೊರಿ ಎಣಿಸಿಕೊಂಡು ಮೈಮುರಿಯಲಿಕ್ಕೇ ಕೆಲವು ನಿಮಿಷ ಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಎರಡನೆಯ ನಿಮಿಷಕ್ಕೆ ರಾಘವೇಂದ್ರ ಸ್ವಾಮಿಗಳ ನೆನಪಾಗುತ್ತದೆ. ಕನ್ಸೋಲ್ ತೆರೆದರೆ ಕೆಂಪು ನಕ್ಷತ್ರಗಳು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡಾಡುತ್ತಿವೆ: ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’. ಪಕ್ಕದಲ್ಲಿ ಗಡುವು, ಒಂದೂವರೆ ನಿಮಿಷ. ಎಂದೋ ಕಿತ್ತುಹಾಕಿದ ಬ್ಯಾಕಪ್ ಡಿಸ್ಕಿನ ಒಂದು ಸಾಲು ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಾಗೇ ಉಳಿದಿದೆ; ಮೆಶಿನ್ ನಂಬಿಕೆಯಿಂದ ಅದಕ್ಕಾಗಿ ಕಾಯುತ್ತಿದೆ. ಆ ಸಾಲಿನಲ್ಲಿ ‘ನೋಫೇಲ್’ ಎಂಬ ಒಂದು ಪದ ಸೇರಿಸಿದ್ದರೆ ಡಿಸ್ಕ್ ಇಲ್ಲದಿದ್ದರೂ ಮುಂದೆ ಹೋಗುತ್ತಿತ್ತು. ಸೇರಿಸಿಲ್ಲ. ಗಡುವು ಮುಗಿದು ಎಮರ್ಜೆನ್ಸಿ ಮೋಡ್, ಅದಕ್ಕೆ ರೂಟ್ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಆ ಔಟರ್ ರಿಂಗ್ ರೋಡ್ ಹುಡುಗನ ಹತ್ತಿರ.

ಬೆಳಗಿನ ಜಾವ ಅವನನ್ನು ಎಬ್ಬಿಸಿ, ಆ ಸಾಲು ಅಳಿಸಿ, ಮೆಶಿನ್ ಎಬ್ಬಿಸಿದರೆ ವೆಬ್ ಸರ್ವರ್ ಮಲಗಿಯೇ ಇದೆ. ಅದು ನಿರ್ದಿಷ್ಟ ಐಪಿ ವಿಳಾಸ ಕೇಳುತ್ತದೆ, ಅದು ಎದ್ದ ಹೊತ್ತಿಗೆ ಆ ವಿಳಾಸ ಇನ್ನೂ ಬಂದಿರಲಿಲ್ಲ. ‘ನೆಟ್‌ವರ್ಕ್ ಟಾರ್ಗೆಟ್ ಆದ ಮೇಲೆ ಏಳು’ ಎಂದು ಬರೆದಿಟ್ಟಿದ್ದರು ನಿಜ. ಆದರೆ ನೆಟ್‌ವರ್ಕ್ ಸಿದ್ಧವಾಗಿದೆ ಎಂದು ಆ ಟಾರ್ಗೆಟ್ ಭರವಸೆ ಕೊಡುವುದೇ ಇಲ್ಲ. ಅದಕ್ಕೆ ‘ನೆಟ್‌ವರ್ಕ್-ಆನ್‌ಲೈನ್’ ಎಂಬ ಬೇರೆ ಟಾರ್ಗೆಟ್ ಇದೆ. ಕೈಯಿಂದ ಸ್ಟಾರ್ಟ್ ಕೊಟ್ಟರೆ ಮಾತ್ರ ಏನೂ ಅರಿಯದ ಮಗುವಿನ ಹಾಗೆ ತಕ್ಷಣ ಎದ್ದು ನಿಲ್ಲುತ್ತದೆ. ಸೋಮವಾರದ ವರದಿಯಲ್ಲಿ ರಾಯರು ‘ಚಟುವಟಿಕೆ ಯಶಸ್ವಿ’ ಎಂದು ಬರೆದರು.

ವಿಚಿತ್ರವೆಂದರೆ ರಾಯರ ಮನೆಯಲ್ಲೂ ಒಂದು ಸರ್ವರ್ ಇದೆ, ಟಿವಿ ಹಿಂದೆ ಧೂಳು ತಿನ್ನುತ್ತಿರುವ ಒಂದು ರಾಸ್ಪ್‌ಬೆರಿ ಪೈ. ಅದಕ್ಕೆ ಯುಪಿಎಸ್ ಇಲ್ಲ. ಮಳೆ ಹನಿದರೆ ಕರೆಂಟು ಹೋಗುತ್ತದೆ, ಬಂದಾಗ ಅದು ತಾನಾಗಿ ಎದ್ದು ಫೋಟೋ, ಸಿನಿಮಾ, ಮನೆಯವರ ಲೆಕ್ಕದ ಪುಸ್ತಕ ಎಲ್ಲವನ್ನೂ ಮೊದಲಿನಂತೆ ಒದಗಿಸುತ್ತದೆ. ವಾರಕ್ಕೆರಡು ಸಲ ಪರೀಕ್ಷೆ ಬರೆಯುವ ಆ ಪೈ ಇದುವರೆಗೆ ಫೇಲಾಗಿಲ್ಲ. ಎರಡು ಕಡೆಯಿಂದ ಕರೆಂಟು, ಜನರೇಟರ್, ಎ.ಸಿ. ಎಲ್ಲ ಇರುವ ಆಫೀಸಿನ ಸರ್ವರ್ ಮಾತ್ರ ಒಂದು ರೀಬೂಟಿಗೆ ಊರೆಲ್ಲ ಎಬ್ಬಿಸಿತು. ಪೈನ ಅಪ್‌ಟೈಮ್ ಮೂರೇ ದಿನ ಇರುವುದರಿಂದ ರಾಯರು ಅದನ್ನು ಯಾರಿಗೂ ತೋರಿಸುವುದಿಲ್ಲ.

ನಿಮ್ಮ ಕೈಕೆಳಗೂ ಒಂದು ಸರ್ವರ್ ಇದ್ದರೆ, ಎನೇಬಲ್ ಆಗಿರುವ ಸರ್ವೀಸುಗಳ ಪಟ್ಟಿಯನ್ನು ಇವತ್ತೇ ತೆಗೆದು, ಈಗ ಓಡುತ್ತಿರುವವುಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದು ಸಿಕ್ಕೇ ಸಿಗುತ್ತದೆ. ಆಮೇಲೆ ಎಲ್ಲರಿಗೂ ಹೇಳಿಕೇಳಿ ಒಮ್ಮೆ ರೀಬೂಟ್ ಮಾಡಿ. ಶನಿವಾರ ರಾತ್ರಿ ಎರಡಕ್ಕೆ ಬೇಡ; ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಪಾಸ್‌ವರ್ಡ್ ಗೊತ್ತಿರುವವರೆಲ್ಲ ಕುರ್ಚಿಯಲ್ಲಿರುವಾಗ ಮಾಡಿ.